ಊಟಿ ಲಾಡ್ಜಿನ ಚಳಿಗಾಲದ ಬಿಲ್ಲು: ಶಾಖ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಬಗೆ

ಫೋನು ಬರುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. "ಅಣ್ಣ, ಈ ಸಲದ ಬಿಲ್ ನೋಡಿ ನಮ್ಮ ಸಾಹುಕಾರ್ರು ಕೂತಲ್ಲೇ ಬೆವೆತುಬಿಟ್ರು. ಚಳಿ ಜಾಸ್ತಿ ಅಲ್ವಾ, ಅದಕ್ಕೇ ಇರಬೇಕು." ಊಟಿಯಲ್ಲಿ ಆ ತಿಂಗಳು ಮನುಷ್ಯನನ್ನು ಬೆವರಿಸುವುದು ಕರೆಂಟ್ ಬಿಲ್ ಒಂದೇ.

ನಾನು ಗುಂಡ್ಲುಪೇಟೆ ಕಡೆಯವನು. ಇಲ್ಲಿ ಕನ್ನಡದವರು ನಡೆಸುವ ಸಣ್ಣ ಲಾಡ್ಜು, ಊಟದ ಹೋಟೆಲುಗಳ ಬಿಸಿನೀರಿನ ಲೈನು, ಹೀಟರು, ಪ್ಯಾನೆಲ್ ನೋಡಿಕೊಳ್ಳುತ್ತೇನೆ. 15ರಿಂದ 30 ರೂಮಿನ ಲಾಡ್ಜನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬಿಲ್ ಏರಿತು ಅಂದ ಕೂಡಲೇ ಹೊಸ ಸೋಲಾರು, ಹೊಸ ಹೀಟ್ ಪಂಪು ಎಂದು ಕೊಟೇಶನ್ ತರಿಸಬೇಡಿ. ಇರುವುದರಲ್ಲಿ ಏನು ಕೆಟ್ಟಿದೆ ಅನ್ನುವುದನ್ನು ಮೊದಲು ಹುಡುಕಿ. ನಾನು ನೋಡಿದ ಹೆಚ್ಚಿನ ಕಡೆ ತಪ್ಪಿದ್ದದ್ದು ಕೆಲವು ನೂರು ರೂಪಾಯಿಯ ಸಾಮಾನಿನಲ್ಲಿ.

ಚಳಿಯ ಪಾಲು ಎಷ್ಟು?

ಚಳಿಯಿಂದ ಖರ್ಚು ಏರುವುದು ನಿಜ. ಎಷ್ಟು ಏರಬೇಕು ಅನ್ನುವುದಕ್ಕೂ ಲೆಕ್ಕ ಇದೆ. 1 ಯೂನಿಟ್ ಕರೆಂಟ್ ಅಂದರೆ 860 ಕಿಲೋಕ್ಯಾಲರಿ ಶಾಖ. 1 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 1 ಕಿಲೋಕ್ಯಾಲರಿ ಬೇಕು. ಸ್ನಾನದ ನೀರು 40 ಡಿಗ್ರಿ ಇದ್ದರೆ ಸಾಕು. ಮೇ ತಿಂಗಳಲ್ಲಿ ನಮ್ಮ ಮೇಲಿನ ಟ್ಯಾಂಕಿನ ನೀರು 18 ಡಿಗ್ರಿ ಇದೆ ಅಂದುಕೊಳ್ಳಿ. 20 ಲೀಟರಿನ ಒಂದು ಬಕೆಟ್ ಕಾಯಿಸಲು ಅರ್ಧ ಯೂನಿಟ್ ಸಾಕು. ಜನವರಿ ಬೆಳಗ್ಗೆ ಅದೇ ನೀರು 10 ಡಿಗ್ರಿಗೆ ಇಳಿದಿರುತ್ತದೆ. ಆಗ ಅದೇ ಬಕೆಟ್‌ಗೆ 0.7 ಯೂನಿಟ್ ಬೇಕು. ಅಂದರೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಚಳಿಗೆ ಜನ ಒಂದು ಬಕೆಟ್ ಬದಲು ಒಂದೂಕಾಲು ಬಕೆಟ್ ಸುರಿದುಕೊಳ್ಳುತ್ತಾರೆ ಅಂತ ಇಟ್ಟುಕೊಂಡರೂ, ಬಿಸಿನೀರಿನ ಖರ್ಚು ಒಂದೂವರೆ ಪಟ್ಟು, ಬಹಳ ಅಂದರೆ ಒಂದೂಮುಕ್ಕಾಲು ಪಟ್ಟು ಆಗಬೇಕು. ಅಷ್ಟೇ ಜನಕ್ಕೆ ಎರಡು ಪಟ್ಟು, ಎರಡೂವರೆ ಪಟ್ಟು ಬಂದಿದ್ದರೆ ಮಿಕ್ಕಿದ್ದನ್ನು ಚಳಿಯ ತಲೆಗೆ ಕಟ್ಟಬೇಡಿ. ಎಲ್ಲೋ ದೋಷ ಇದೆ.

ಇಲ್ಲಿ ಒಂದು ತೊಡಕಿದೆ. ತಮಿಳುನಾಡಿನಲ್ಲಿ ಇಬಿ (ವಿದ್ಯುತ್ ಮಂಡಳಿ) ಬಿಲ್ ಎರಡು ತಿಂಗಳಿಗೊಮ್ಮೆ. ಡಿಸೆಂಬರ್ ಮೊದಲ ವಾರ ಕೆಟ್ಟದ್ದು ನಿಮಗೆ ಗೊತ್ತಾಗುವ ಹೊತ್ತಿಗೆ ಚಳಿಗಾಲವೇ ಮುಗಿಯುತ್ತಾ ಬಂದಿರುತ್ತದೆ. ಕರ್ನಾಟಕದಲ್ಲಿ ತಿಂಗಳು ತಿಂಗಳು ಬಿಲ್ ನೋಡಿ ಅಭ್ಯಾಸವಾದವರು ಇದರಲ್ಲಿ ಮೋಸ ಹೋಗುತ್ತಾರೆ. ಅದಕ್ಕೆ ಕೌಂಟರಿನಲ್ಲಿ ಒಂದು ನೋಟ್ ಪುಸ್ತಕ ಇಡಿ. ದಿನಾ ಬೆಳಗ್ಗೆ 7 ಗಂಟೆಗೆ ಮೀಟರ್ ರೀಡಿಂಗು, ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ರೂಮಿನಲ್ಲಿ ಜನ ಇದ್ದರು ಅನ್ನುವ ಸಂಖ್ಯೆ. ಯೂನಿಟ್ಟನ್ನು ರೂಮಿನಿಂದ ಭಾಗಿಸಿ. ಜನ ಕಮ್ಮಿಯಾದ ದಿನವೂ ಒಟ್ಟು ಯೂನಿಟ್ ಇಳಿಯಲಿಲ್ಲ ಅಂದರೆ ಗಿರಾಕಿ ಮುಟ್ಟದ ಶಾಖಕ್ಕೆ ನೀವು ದುಡ್ಡು ಕಟ್ಟುತ್ತಿದ್ದೀರಿ. ಹತ್ತು ದಿನ ಬರೆದರೆ ಸಾಕು, ನನಗೆ ಅರ್ಧ ಕೆಲಸ ಮುಗಿದ ಹಾಗೆ.

ರಾತ್ರಿ ಎರಡು ಗಂಟೆಗೆ ಮೀಟರ್ ಮುಂದೆ

ನನಗೆ ಬಹಳ ನಂಬಿಕೆಯ ಪರೀಕ್ಷೆ ಇದು. ಖರ್ಚಿಲ್ಲ, ಸ್ವೆಟರ್ ಒಂದು ಬೇಕು. ಎಲ್ಲರೂ ಮಲಗಿದ ಮೇಲೆ, ರಾತ್ರಿ ಎರಡು ಗಂಟೆಗೆ, ಮೀಟರ್ ಹತ್ತಿರ ಹೋಗಿ ಕೂರಿ. ಮೀಟರ್ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಎಷ್ಟು ಮಿಟುಕಿಗೆ 1 ಯೂನಿಟ್ ಅನ್ನುವುದನ್ನು ಅಲ್ಲೇ ಬರೆದಿರುತ್ತಾರೆ. ಸಿಂಗಲ್ ಫೇಸ್ ಮೀಟರಿನಲ್ಲಿ 3200, ತ್ರೀ ಫೇಸ್‌ನಲ್ಲಿ 800, ಹೀಗೆ ಒಂದೊಂದರಲ್ಲಿ ಒಂದೊಂದು. ನಿಮ್ಮದರಲ್ಲಿ ಇರುವ ಅಂಕಿಯನ್ನೇ ಹಿಡಿಯಿರಿ.

ಹತ್ತು ಮಿಟುಕಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡಿ. 36,000ವನ್ನು ಮೀಟರಿನ ಅಂಕಿಯಿಂದ ಭಾಗಿಸಿ, ಬಂದದ್ದನ್ನು ಆ ಸೆಕೆಂಡಿನಿಂದ ಭಾಗಿಸಿ. ಅಷ್ಟು ಕಿಲೋವ್ಯಾಟ್ ಆ ಹೊತ್ತಿಗೆ ಓಡುತ್ತಿದೆ. 800ರ ಮೀಟರಿನಲ್ಲಿ ಹತ್ತು ಮಿಟುಕಿಗೆ 45 ಸೆಕೆಂಡ್ ಆದರೆ 1 ಕಿಲೋವ್ಯಾಟ್. 7 ಸೆಕೆಂಡಿಗೇ ಆಗಿಹೋದರೆ 6 ಕಿಲೋವ್ಯಾಟ್‌ಗಿಂತ ಜಾಸ್ತಿ. ದೊಡ್ಡ ಲಾಡ್ಜಿನಲ್ಲಿ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ ಮೀಟರ್ ಇದ್ದರೆ ಇದನ್ನು ಮತ್ತೆ ಅದರ ಗುಣಕದಿಂದ ಗುಣಿಸಬೇಕು.

ಫ್ರಿಜ್ಜು, ಕಾರಿಡಾರ್ ದೀಪ, ಕ್ಯಾಮೆರಾ ಎಲ್ಲ ಸೇರಿ 20 ರೂಮಿನ ಲಾಡ್ಜಿನಲ್ಲಿ ಆ ಹೊತ್ತಿಗೆ ಒಂದು ಕಿಲೋವ್ಯಾಟಿನ ಆಸುಪಾಸು ಇರಬೇಕು. ರೂಮ್ ಹೀಟರ್ ಕೊಟ್ಟಿದ್ದರೆ ಅದನ್ನು ಬೇರೆ ಲೆಕ್ಕ ಹಾಕಿ, ಅವು ಒಂದೊಂದು 2 ಕಿಲೋವ್ಯಾಟ್ ಎಳೆಯುತ್ತವೆ. ಒಂದೇ ಸಲ ನೋಡಿ ಎದ್ದು ಬರಬೇಡಿ. ಮುಕ್ಕಾಲು ಗಂಟೆ ಕೂರಿ. ಮಿಟುಕು ನಿಧಾನವಾಗಿದ್ದು, ಇದ್ದಕ್ಕಿದ್ದ ಹಾಗೆ ಐದು ಹತ್ತು ನಿಮಿಷ ಪಟಪಟ ಹೊಡೆದು, ಮತ್ತೆ ನಿಧಾನವಾದರೆ ಅದು ಥರ್ಮೋಸ್ಟಾಟ್ ಇರುವ ಹೀಟರು. ಟ್ಯಾಂಕ್ ತಣಿದಾಗ ತಾನೇ ಆನ್ ಆಗುತ್ತಿದೆ. ಯಾರೂ ನಲ್ಲಿ ತಿರುಗಿಸದ ಹೊತ್ತಿನಲ್ಲಿ ಟ್ಯಾಂಕ್ ಪದೇ ಪದೇ ತಣಿಯುತ್ತಿದೆ ಅಂದರೆ ಶಾಖ ಎಲ್ಲಿಗೋ ಹೋಗುತ್ತಿದೆ. ಯಾವತ್ತೂ ನಿಲ್ಲದೆ ಒಂದೇ ಸಮ ಪಟಪಟ ಅಂತಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ, ಇಲ್ಲ ನೀರೇ ಹರಿದುಹೋಗುತ್ತಿದೆ.

ಆಮೇಲೆ ಹೀಟರುಗಳ ಎಂಸಿಬಿಯನ್ನು ಒಂದೊಂದಾಗಿ ಇಳಿಸುತ್ತಾ ಬನ್ನಿ. ಯಾವುದನ್ನು ಇಳಿಸಿದಾಗ ಮಿಟುಕು ಬಿದ್ದುಹೋಯಿತೋ ಅಲ್ಲಿದೆ ಕಳ್ಳ. ಪ್ಯಾನೆಲ್ ಬಿಚ್ಚುವ ಕೆಲಸ ಮಾತ್ರ ಲೈಸೆನ್ಸ್ ಇರುವ ವೈರ್‌ಮ್ಯಾನ್‌ಗೆ ಬಿಡಿ.

ಟೈಮರ್ ಆಫ್, ಹೀಟರ್ ಆನ್

ಒಂದು ಲಾಡ್ಜಿನ ಕಥೆ ಹೇಳಲೇಬೇಕು. ಮಹಡಿ ಮೇಲೆ 1,000 ಲೀಟರಿನ ಸೋಲಾರ್, ಟ್ಯಾಂಕಿನೊಳಗೆ ಬ್ಯಾಕಪ್‌ಗೆ 6 ಕಿಲೋವ್ಯಾಟ್ ಹೀಟರು. ಬೆಳಗಿನ ಜಾವ ಎರಡು ಗಂಟೆ ಮಾತ್ರ ಓಡಲಿ ಎಂದು ಟೈಮರ್ ಕೂರಿಸಿದ್ದರು. ಟೈಮರಿನ ಪರದೆ ಸರಿಯಾಗಿಯೇ ಆಫ್ ತೋರಿಸುತ್ತಿತ್ತು. ಮ್ಯಾನೇಜರ್ ನನಗೆ ಮೂರು ಸಲ ಅದನ್ನೇ ತೋರಿಸಿದ. "ನೋಡಿ ಅಣ್ಣ, ಆಫು. ಸೋಲಾರೇ ಹಳೇದಾಯ್ತು, ಕಾಯ್ತಿಲ್ಲ." ಸಾಹುಕಾರರು ಹೊಸ ಸೋಲಾರಿಗೆ ಅಡ್ವಾನ್ಸ್ ಕೊಡುವುದರಲ್ಲಿದ್ದರು.

ಟೈಮರ್ ತಾನೇ 6 ಕಿಲೋವ್ಯಾಟ್ ಹೊರುವುದಿಲ್ಲ. ಅದು ಕಾಂಟ್ಯಾಕ್ಟರ್‌ಗೆ ಹೇಳುತ್ತದೆ, ಕಾಂಟ್ಯಾಕ್ಟರ್ ಹೀಟರಿಗೆ ಕರೆಂಟ್ ಕೊಡುತ್ತದೆ. ಅದರೊಳಗಿನ ಪಾಯಿಂಟುಗಳು ವರ್ಷಗಟ್ಟಲೆ ಕಿಡಿ ಹಾರಿಸಿ ಹಾರಿಸಿ, ಒಂದು ದಿನ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಟೈಮರ್ ಏನು ಹೇಳಿದರೂ ಅದು ಬಿಡುವುದಿಲ್ಲ. ಕ್ಲ್ಯಾಂಪ್ ಮೀಟರನ್ನು ಹೀಟರಿನ ವೈರಿಗೆ ಹಾಕಿದೆ. ಟೈಮರ್ ಆಫ್ ಇದ್ದಾಗಲೇ ಕರೆಂಟ್ ತೋರಿಸಿತು. ಹೀಗಾದಾಗ ಟ್ಯಾಂಕು ಇಡೀ ರಾತ್ರಿ ಕರೆಂಟಿನಲ್ಲೇ 60 ಡಿಗ್ರಿಗೆ ಬಂದು ಕೂತಿರುತ್ತದೆ. ಬೆಳಗ್ಗೆ ಸೂರ್ಯ ಬಂದಾಗ ಕಾಯಿಸಲು ಅವನಿಗೆ ತಣ್ಣೀರೇ ಇಲ್ಲ. ಸೋಲಾರಿನ ತಪ್ಪೇನೂ ಇರಲಿಲ್ಲ ಪಾಪ.

ಹೊಸ ಕಾಂಟ್ಯಾಕ್ಟರ್ ಹಾಕಿದೆವು. ಆ ಹಳೆಯದು ಈಗಲೂ ನನ್ನ ಬ್ಯಾಗಿನಲ್ಲಿದೆ. ನಂಬದವರಿಗೆ ತೋರಿಸಲು ಬೇಕಾಗುತ್ತದೆ.

ಟೈಮರ್ ಸರಿಯಾಗಿದ್ದರೂ ಅದರಲ್ಲಿ ಇಟ್ಟ ಸಮಯ ತಪ್ಪಿರಬಹುದು. ಕರೆಂಟ್ ಹೋಗಿ ಬಂದು ಗಡಿಯಾರ ಹಿಂದೆ ಬಿದ್ದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಇನ್ನೊಂದು, ನಮ್ಮ ಊರಿನದೇ ಲೆಕ್ಕ. ಬಂಡೀಪುರದ ಗೇಟ್ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆಗೆಯುತ್ತದೆ. ಗೇಟಿನಲ್ಲಿ ಕಾದು ನಿಂತ ಮೈಸೂರು ಬೆಂಗಳೂರಿನ ಕಾರುಗಳು ಎಂಟೂವರೆ ಒಂಬತ್ತರ ಹೊತ್ತಿಗೆ ಊಟಿ ಮುಟ್ಟುತ್ತವೆ. ಬಂದವರು ಮೊದಲು ಕೇಳುವುದೇ ಬಿಸಿನೀರು. ರಾತ್ರಿ ತಂಗಿದ್ದವರು ಏಳಕ್ಕೆ ಟ್ಯಾಂಕ್ ಖಾಲಿ ಮಾಡಿರುತ್ತಾರೆ. ಆಗ ಬಯ್ಗುಳ ತಿನ್ನುವ ರೂಮ್ ಬಾಯ್ ಏನು ಮಾಡುತ್ತಾನೆ ಹೇಳಿ? ಟೈಮರ್ ಪಕ್ಕದ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ ಮರೆತುಬಿಡುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ. ಏಳೂವರೆಯಿಂದ ಎಂಟೂವರೆಗೆ ಟೈಮರಿನಲ್ಲೇ ಇನ್ನೊಂದು ಸರದಿ ಇಟ್ಟುಬಿಡಿ, ಸ್ವಿಚ್ ಮುಟ್ಟುವ ಕಾರಣವೇ ಇರುವುದಿಲ್ಲ.

ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುವುದು

ಇದು ನನ್ನನ್ನೇ ಒಂದು ಸಲ ಮೂರು ದಿನ ಕುಣಿಸಿದ ದೋಷ. ಮೊದಲ ಮಹಡಿಯಲ್ಲಿ ನೀರು ಉಗುರುಬೆಚ್ಚಗೆ ಬರುತ್ತದೆ ಅಂತ ಕಂಪ್ಲೇಂಟು. ನಾನು ಥರ್ಮೋಸ್ಟಾಟ್ ಬದಲಿಸಿದೆ. ಆಮೇಲೆ ಹೀಟರ್ ಕಾಯಿಲ್ ಬದಲಿಸಿದೆ. ಆಮೇಲೆ ಟೆಂಪರೇಚರ್ ಏರಿಸಿದೆ. ಬಿಲ್ ಏರಿತು, ನೀರು ಮಾತ್ರ ಉಗುರುಬೆಚ್ಚಗೇ ಇತ್ತು.

ಸ್ನಾನದ ಮನೆಯಲ್ಲಿ ಬಿಸಿ ಮತ್ತು ತಣ್ಣೀರು ಎರಡೂ ಕೂಡುವ ಮಿಕ್ಸರ್ ನಲ್ಲಿ ಇರುತ್ತದೆ ಅಲ್ವಾ. ಅದಕ್ಕೆ ಕೈಶವರ್ ಇದ್ದು, ಅದರ ತುದಿಯಲ್ಲಿ ಒತ್ತುವ ಗುಂಡಿ ಇದ್ದರೆ ಗಿರಾಕಿ ಎರಡೂ ನಲ್ಲಿ ತೆರೆದೇ ಇಟ್ಟು, ತುದಿಯ ಗುಂಡಿ ಬಿಟ್ಟು ಹೋಗುತ್ತಾನೆ. ಹೊರಗೆ ನೀರು ಬರುವುದಿಲ್ಲ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಒಳಗೆ ಎರಡು ಪೈಪು ಒಂದಕ್ಕೊಂದು ತೆರೆದುಕೊಂಡಿವೆ. ತಣ್ಣೀರಿಗೆ ಪ್ರೆಶರ್ ಪಂಪ್ ಇದ್ದು, ಬಿಸಿನೀರು ಮೇಲಿನ ಟ್ಯಾಂಕಿನಿಂದ ಸುಮ್ನೆ ಇಳಿಯುವುದಾದರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಒಂದು ರೂಮಿನ ತಪ್ಪಿಗೆ ಇಡೀ ಮಹಡಿ ತಣ್ಣಗಾಗುತ್ತದೆ. ಒಂದೇ ಹಿಡಿಯ ಮಿಕ್ಸರಿನಲ್ಲಿ ಒಳಗಿನ ಕಾರ್ಟ್ರಿಜ್ ಸವೆದರೂ ಇದೇ ಗತಿ.

ಪರೀಕ್ಷೆ ಬಹಳ ಸುಲಭ. ಬಿಸಿನೀರಿನ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ, ಟ್ಯಾಂಕಿನಿಂದ ಹೊರಡುವ ವಾಲ್ವನ್ನೂ ಮುಚ್ಚಿ. ಹೀಟರ್ ಆಫ್ ಮಾಡಿರಿ, ಅದನ್ನು ಮರೆಯಬೇಡಿ. ಈಗ ಕೆಳಗಿನ ಒಂದು ಬಾತ್‌ರೂಮಿನಲ್ಲಿ ಮಿಕ್ಸರ್ ಅಲ್ಲದ, ಬಿಸಿನೀರಿನದೇ ಬೇರೆ ನಲ್ಲಿಯನ್ನು ತೆರೆಯಿರಿ. ಪೈಪಿನಲ್ಲಿ ಉಳಿದಿದ್ದ ನೀರು ಬಂದು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ದಾಟಿ ಬರುತ್ತಿದೆ. ಆಮೇಲೆ ಒಂದೊಂದೇ ರೂಮಿನ ಆಂಗಲ್ ವಾಲ್ವ್ ಮುಚ್ಚುತ್ತಾ ಹೋಗಿ. ಯಾವ ರೂಮಿನಲ್ಲಿ ಮುಚ್ಚಿದಾಗ ಹರಿವು ನಿಂತಿತೋ ಆ ರೂಮಿನ ಮಿಕ್ಸರ್. ನನಗೆ ಸಿಕ್ಕಿದ್ದು 107ನೇ ನಂಬರು, ರಿಪೇರಿ ಅಂತ ಎರಡು ತಿಂಗಳಿಂದ ಬೀಗ ಹಾಕಿದ್ದ ರೂಮು. ಅಲ್ಲಿ ಯಾರು ನೋಡುತ್ತಾರೆ?

ಕೈಶವರಿನ ಗುಂಡಿ ತೆಗೆದುಹಾಕುವುದು, ಇಲ್ಲ ಮಿಕ್ಸರಿಗೆ ಹೋಗುವ ಎರಡೂ ಪೈಪಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಎನ್‌ಆರ್‌ವಿ ಹಾಕುವುದು, ಇವೇ ಪರಿಹಾರ. ನೀರು ಉಗುರುಬೆಚ್ಚಗಾದ ಕಡೆ ಥರ್ಮೋಸ್ಟಾಟ್ ಏರಿಸುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ.

ನೀರು ಕಾಯಲು ಬಹಳ ಹೊತ್ತು ಹಿಡಿಯುವುದಕ್ಕೆ ಇನ್ನೊಂದು ಕಾರಣ ಲೋ ವೋಲ್ಟೇಜು. 230ರ ಬದಲು 190 ಬಂದರೆ 2 ಕಿಲೋವ್ಯಾಟ್ ಹೀಟರು 1.4ರಷ್ಟೇ ಕೆಲಸ ಮಾಡುತ್ತದೆ. ಇದರಿಂದ ಬಿಲ್ ಏರುವುದಿಲ್ಲ, ಬಯ್ಗುಳ ಮಾತ್ರ ಏರುತ್ತದೆ.

ಹಿಮ ಬೀಳುವ ದಿನ ಸೋಲಾರ್ ಚೆನ್ನಾಗಿ ಕಾಯಬೇಕು

"ಚಳಿಗಾಲದಲ್ಲಿ ಸೋಲಾರ್ ಎಲ್ಲಿ ಕಾಯುತ್ತೆ" ಅನ್ನುವ ಮಾತನ್ನು ಒಪ್ಪಬೇಡಿ. ನೀಲಗಿರಿಯಲ್ಲಿ ಸೋಲಾರಿಗೆ ಕಷ್ಟದ ಕಾಲ ಜೂನ್‌ನಿಂದ ಆಗಸ್ಟ್. ಆಗ ದಿನಗಟ್ಟಲೆ ಮಳೆ, ಮೋಡ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ತಲೈಕುಂದ, ಕಾಂತಲ್, ರೇಸ್ ಕೋರ್ಸ್ ಕಡೆ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಆಕಾಶ ಸ್ವಚ್ಛವಾಗಿರುವುದರಿಂದಲೇ ಹಾಗಾಗುವುದು. ನೆಲದ ಶಾಖವೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಅದೇ ಸ್ವಚ್ಛ ಆಕಾಶದಲ್ಲಿ ಹಗಲು ಬಿಸಿಲು ಚುರುಕಾಗಿ ಬೀಳುತ್ತದೆ. ಹಿಮ ಬಿದ್ದ ದಿನದ ಸಂಜೆ 4 ಗಂಟೆಗೆ ಟ್ಯಾಂಕ್ ಬಿಸಿ ಇಲ್ಲ ಅಂದರೆ ಸೋಲಾರಿನಲ್ಲಿ ದೋಷ ಇದೆ.

ಸಂಜೆ ಬಿಸಿ ಇದ್ದು ಬೆಳಗ್ಗೆ ತಣ್ಣಗಾಗಿದ್ದರೆ ದೋಷ ರಾತ್ರಿಯದು. ಚಪ್ಪಟೆ ಪ್ಯಾನೆಲ್ ಇರುವ ಹಳೆ ಸೋಲಾರಿನಲ್ಲಿ ಬಿಸಿಯಾದ ನೀರು ತಾನೇ ಮೇಲೇರಿ ಟ್ಯಾಂಕ್ ಸೇರುತ್ತದೆ. ಅದಕ್ಕೆ ಟ್ಯಾಂಕಿನ ತಳ ಪ್ಯಾನೆಲಿನ ತಲೆಗಿಂತ ಒಂದಡಿಯಾದರೂ ಮೇಲಿರಬೇಕು. ಹಳೆ ಬಂಗಲೆಗಳ ಇಳಿಜಾರು ತಗಡಿನ ಮಾಡಿನಲ್ಲಿ ಜಾಗ ಸಾಲದೆ ಟ್ಯಾಂಕನ್ನು ಕೆಳಗೆ ಕೂರಿಸಿರುತ್ತಾರೆ. ಆಗ ರಾತ್ರಿ ಹರಿವು ತಿರುಗುತ್ತದೆ. ಟ್ಯಾಂಕಿನ ಬಿಸಿನೀರು ಪ್ಯಾನೆಲಿಗೆ ಹೋಗಿ, ಆಕಾಶಕ್ಕೆ ಶಾಖ ಕೊಟ್ಟು, ತಣ್ಣಗಾಗಿ ವಾಪಸ್ ಬರುತ್ತದೆ. ಬ್ಯಾಕಪ್ ಹೀಟರ್ ಆನ್ ಇದ್ದರಂತೂ ನೀವು ಊಟಿಯ ಆಕಾಶವನ್ನೇ ಕಾಯಿಸುತ್ತಿದ್ದೀರಿ. ರಾತ್ರಿ ಹತ್ತು ಗಂಟೆಗೆ ಪ್ಯಾನೆಲಿನ ಮೇಲಿನ ಪೈಪನ್ನು ಕೈಯಿಂದ ಮುಟ್ಟಿ ನೋಡಿ. ಮಂಜಿನಂತೆ ತಣ್ಣಗಿರಬೇಕು. ಬೆಚ್ಚಗಿದ್ದರೆ ಇದೇ ದೋಷ.

ಇದೇ ಪ್ಯಾನೆಲಿನಲ್ಲಿ ನೀರು ಹೆಪ್ಪುಗಟ್ಟಿ ತಾಮ್ರದ ಕೊಳವೆ ಸೀಳುವುದೂ ಉಂಟು. ಗಾಳಿ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ, ಆಕಾಶಕ್ಕೆ ಮುಖ ಮಾಡಿದ ಪ್ಯಾನೆಲ್ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಗಾಜಿನ ಕೊಳವೆಯ ಸೋಲಾರಿನಲ್ಲಿ ಈ ಕಾಟ ಬಹಳ ಕಮ್ಮಿ. ಅದರಲ್ಲಿ ನೋಡಬೇಕಾದ್ದು ಕೊಳವೆಯ ತುದಿಯ ಬೆಳ್ಳಿ ಬಣ್ಣ. ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗಿನ ನಿರ್ವಾತ ಹೋಗಿದೆ, ಆ ಕೊಳವೆ ಬದಲಿಸಿ.

ಹೀಟ್ ಪಂಪನ್ನು ರಾತ್ರಿ ಓಡಿಸಬೇಡಿ

ಹೀಟ್ ಪಂಪ್ ಒಳ್ಳೆಯ ಸಾಮಾನು. ಹೊರಗಿನ ಗಾಳಿಯ ಶಾಖ ಹೀರಿ ನೀರಿಗೆ ಕೊಡುತ್ತದೆ. 20 ಡಿಗ್ರಿ ಗಾಳಿಯಲ್ಲಿ 1 ಯೂನಿಟ್ ಕರೆಂಟ್‌ಗೆ 3ಕ್ಕಿಂತ ಜಾಸ್ತಿ ಯೂನಿಟ್ಟಿನ ಶಾಖ ಕೊಡಬಲ್ಲದು. ಗಾಳಿ 5 ಡಿಗ್ರಿಗೆ ಇಳಿದಾಗ ಅದು 2ರ ಹತ್ತಿರಕ್ಕೆ ಬೀಳುತ್ತದೆ. ಇಬ್ಬನಿ ಇರುವ ರಾತ್ರಿ ಅದರ ರೆಕ್ಕೆಗಳ ಮೇಲೆ ಐಸ್ ಕಟ್ಟುತ್ತದೆ, ಅದನ್ನು ಕರಗಿಸಲು ಮತ್ತೆ ಕರೆಂಟ್. ಕೆಲವದರಲ್ಲಿ ಒಳಗೆ ಒಂದು ಸಾಮಾನ್ಯ ಹೀಟರ್ ಇರುತ್ತದೆ. ಪಂಪ್ ಸೋತಾಗ ಅದು ಸದ್ದಿಲ್ಲದೆ ಆನ್ ಆಗುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ.

ಬಯಲುಸೀಮೆಯಿಂದ ಬಂದು ಫಿಟ್ ಮಾಡಿದವರು ಬೆಳಗಿನ ಜಾವ ಮೂರರಿಂದ ಆರು ಅಂತ ಟೈಮಿಂಗ್ ಇಟ್ಟು ಹೋಗಿರುತ್ತಾರೆ. ಊಟಿಯಲ್ಲಿ ದಿನದ ಅತಿ ಚಳಿಯ ಹೊತ್ತು ಅದೇ! ಅದನ್ನು ಬೆಳಗ್ಗೆ 11ರಿಂದ ಸಂಜೆ 4ಕ್ಕೆ ಬದಲಿಸಿ. ಟ್ಯಾಂಕಿನ ಇನ್ಸುಲೇಶನ್ ಚೆನ್ನಾಗಿದ್ದರೆ ಆ ಬಿಸಿ ಬೆಳಗಿನವರೆಗೆ ನಿಲ್ಲುತ್ತದೆ. ಯಂತ್ರವನ್ನು ಗೋಡೆ ಮೂಲೆಗೆ ಒತ್ತಿ ಇಟ್ಟಿದ್ದರೆ ತಾನು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆಯುತ್ತದೆ. ಅದನ್ನೂ ನೋಡಿ.

ಪೈಪು

ಬಿಸಿನೀರನ್ನು ಲೈನಿನಲ್ಲಿ ಸುತ್ತಿಸುವ ಸಣ್ಣ ಪಂಪ್ ಇರುವ ಲಾಡ್ಜುಗಳಿವೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲಿ ಅಂತ. ಒಳ್ಳೆಯ ಸೌಕರ್ಯ, ಆದರೆ ಒಂದಿಂಚಿನ ಬೋಳು ಜಿಐ ಪೈಪು ಸುತ್ತಲಿನ ಗಾಳಿಗಿಂತ 40 ಡಿಗ್ರಿ ಬಿಸಿ ಇದ್ದರೆ ಮೀಟರಿಗೆ ಸುಮಾರು 40 ವ್ಯಾಟ್ ಶಾಖ ಬಿಡುತ್ತದೆ. ಗಾಳಿ ಬೀಸಿದರೆ ಇನ್ನೂ ಜಾಸ್ತಿ. ಹೋಗಿ ಬರುವ ಲೈನು ಸೇರಿ 60 ಮೀಟರ್ ಅಂದರೆ 2.4 ಕಿಲೋವ್ಯಾಟ್. ಪಂಪ್ 24 ಗಂಟೆ ಓಡಿದರೆ ದಿನಕ್ಕೆ 57 ಯೂನಿಟ್, ಒಬ್ಬರೂ ಸ್ನಾನ ಮಾಡದೆ! ಆ ಪಂಪಿಗೂ ಟೈಮರ್ ಹಾಕಿ.

ಪೈಪಿಗೆ ಸುತ್ತಿದ ಕಪ್ಪು ರಬ್ಬರನ್ನು ಮಹಡಿಗೆ ಹತ್ತಿ ಕಣ್ಣಾರೆ ನೋಡಿ. ಇಲ್ಲಿನ ಬಿಸಿಲಿಗೆ ಅದು ಪುಡಿಯಾಗುತ್ತದೆ, ಉಳಿದದ್ದನ್ನು ಕೋತಿಗಳು ಕಿತ್ತು ಆಡುತ್ತವೆ. ಮೇಲೆ ಅಲ್ಯೂಮಿನಿಯಂ ತಗಡು ಸುತ್ತಿದರೆ ಮಾತ್ರ ಬಾಳುತ್ತದೆ.

ರೂಮ್ ಹೀಟರು ಮತ್ತು ಬ್ರಿಟಿಷರ ಚಿಮಣಿ

ರೂಮ್ ಹೀಟರಿನಲ್ಲಿ ಕೆಡುವುದು ಕಮ್ಮಿ. ರೂಮೇ ಕೆಟ್ಟಿರುತ್ತದೆ. ಎಣ್ಣೆ ತುಂಬಿದ ಹೀಟರು ಕರೆಂಟ್ ಉಳಿಸುತ್ತದೆ ಅನ್ನುವುದು ಅಂಗಡಿಯವರ ಮಾತು. ಕೆಂಪಗೆ ಉರಿಯುವ ರಾಡಾಗಲಿ, ಎಣ್ಣೆಯದಾಗಲಿ, 1 ಯೂನಿಟ್‌ಗೆ ಕೊಡುವ ಶಾಖ ಒಂದೇ. ಎಣ್ಣೆಯದು ಬಟ್ಟೆಗೆ ಬೆಂಕಿ ಹತ್ತಿಸುವ ಭಯ ಕಮ್ಮಿ, ಅದಕ್ಕಾಗಿ ಕೊಳ್ಳಿ.

ಹಳೆ ಬಂಗಲೆಯಲ್ಲಿ ಲಾಡ್ಜ್ ನಡೆಸುವವರು ಒಂದು ಊದುಬತ್ತಿ ಹಚ್ಚಿಕೊಂಡು ರೂಮೆಲ್ಲ ತಿರುಗಿ. ಬೆಂಕಿಗೂಡಿನ ಬಾಯಿಗೆ ಹಿಡಿಯಿರಿ. ಹೊಗೆ ಸೊರ್ರನೆ ಒಳಗೆ ಎಳೆದುಕೊಂಡು ಮೇಲಕ್ಕೆ ಹೋದರೆ ನಿಮ್ಮ ಹೀಟರಿನ ಶಾಖವೂ ಅದೇ ದಾರಿಯಲ್ಲಿ ಹೋಗುತ್ತಿದೆ. ಬಿಸಿ ಗಾಳಿ ಮೇಲೇರಿದಷ್ಟೂ ಬಾಗಿಲ ಸಂದಿಯಿಂದ ಹೊರಗಿನ ಚಳಿ ಒಳಗೆ ಬರುತ್ತದೆ. 2 ಕಿಲೋವ್ಯಾಟ್ ಹೀಟರ್ ರಾತ್ರಿಯೆಲ್ಲ ಉರಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬೆಂಕಿ ಹಾಕದ ಚಿಮಣಿಯನ್ನು ಹಲಗೆ ಇಟ್ಟು ಮುಚ್ಚಿ, ಮುಚ್ಚಿದೆ ಅಂತ ಅಲ್ಲೇ ದೊಡ್ಡದಾಗಿ ಬರೆಯಿರಿ. ಕಿಟಕಿಗೆ ನೆಲ ಮುಟ್ಟುವ ದಪ್ಪ ಪರದೆ, ಬಾಗಿಲ ಅಡಿಗೆ ಮರಳು ತುಂಬಿದ ಬಟ್ಟೆ ಸುರುಳಿ. ಇವಕ್ಕೆ ದರ್ಜಿಯ ಖರ್ಚು ಮಾತ್ರ.

ಚಿಮಣಿ, ವೆಂಟಿಲೇಟರ್ ಮುಚ್ಚಿದ ರೂಮಿಗೆ ಯಾವ ಕಾರಣಕ್ಕೂ ಇದ್ದಿಲ ಕೆಂಡ, ಗ್ಯಾಸ್ ಹೀಟರ್ ಒಯ್ಯಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಮಲಗಿದವರು ಏಳುವುದಿಲ್ಲ. ಬಾತ್‌ರೂಮಿನೊಳಗೆ ಇಟ್ಟ ಗ್ಯಾಸ್ ಗೀಸರಿಗೂ ಇದೇ ಮಾತು, ಅದರ ಜಾಗ ಹೊರಗೆ.

ಗಿರಾಕಿಗೆ ಬೆಚ್ಚಗಾಗಬೇಕು, ರೂಮಿನ 14 ಅಡಿ ಎತ್ತರದ ಗಾಳಿ ಬೆಚ್ಚಗಾಗಿ ಅವರಿಗೇನು? ವಿದ್ಯುತ್ ಕಂಬಳಿ 100 ವ್ಯಾಟಿನ ಆಸುಪಾಸು ಎಳೆಯುತ್ತದೆ, ಹೀಟರಿನ ಇಪ್ಪತ್ತನೇ ಒಂದು ಪಾಲು. ನನಗೆ ಅದಕ್ಕಿಂತ ಇಷ್ಟ ಹಳೇ ಕಾಲದ ರಬ್ಬರಿನ ಬಿಸಿನೀರ ಚೀಲ. 2 ಲೀಟರ್ ನೀರು, ಯೂನಿಟ್ಟಿನ ಹತ್ತನೇ ಒಂದು ಪಾಲು ಕರೆಂಟು. ರಾತ್ರಿ ಒಂಬತ್ತಕ್ಕೆ ಹಾಸಿಗೆಯಲ್ಲಿ ಇಟ್ಟು ಬಂದರೆ ವಯಸ್ಸಾದವರು ಬೆಳಗ್ಗೆ ನೆನಪಿಟ್ಟು ಮೆಚ್ಚುತ್ತಾರೆ.

ಗ್ಯಾಸ್ ಬಾಯ್ಲರ್ ಇದ್ದರೆ

ಊಟಿ 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ಸುಮಾರು ಐದನೇ ಒಂದು ಪಾಲು ತೆಳು. ಕೆಳಗಿನ ಊರಿಗೆಂದು ಹೊಂದಿಸಿದ ಬರ್ನರಿಗೆ ಇಲ್ಲಿ ಗಾಳಿ ಸಾಲುವುದಿಲ್ಲ. ಜ್ವಾಲೆ ನೀಲಿ ಹೋಗಿ ಹಳದಿಯಾಗುತ್ತದೆ, ಬಾಯ್ಲರಿನ ಕೊಳವೆಗೆ ಮಸಿ ಹಿಡಿಯುತ್ತದೆ, ಮಸಿ ಶಾಖವನ್ನು ನೀರಿಗೆ ಬಿಡುವುದಿಲ್ಲ. ಮಸಿ ಕಂಡರೆ ಅದನ್ನು ಒರೆಸಿ ಸುಮ್ಮನಾಗಬೇಡಿ, ಬರ್ನರ್ ಗೊತ್ತಿರುವವರಿಂದ ಗಾಳಿ, ಜೆಟ್ ಎರಡನ್ನೂ ಹೊಂದಿಸಿ. ಹಳದಿ ಜ್ವಾಲೆ ಅಂದರೆ ವಿಷದ ಹೊಗೆಯೂ ಹೌದು.

ಇನ್ನೊಂದು ನಷ್ಟ ಸಿಲಿಂಡರಿನೊಳಗೆ ಅಡಗಿದೆ. ನಮ್ಮ ಎಲ್‌ಪಿಜಿಯಲ್ಲಿ ಪ್ರೊಪೇನ್, ಬ್ಯುಟೇನ್ ಎರಡೂ ಇರುತ್ತವೆ. ಪ್ರೊಪೇನ್ ಮೊದಲು ಹೋಗುತ್ತದೆ. ಬ್ಯುಟೇನ್ ಕುದಿಯುವುದು ಶೂನ್ಯದ ಹತ್ತಿರ, ಹಾಗಾಗಿ ಚಳಿಯ ಬೆಳಗ್ಗೆ ಅದು ದ್ರವವಾಗಿಯೇ ತಳದಲ್ಲಿ ಕೂತಿರುತ್ತದೆ. ಪ್ರೆಶರ್ ಬಿದ್ದಾಗ ಹುಡುಗರು ಖಾಲಿ ಆಯ್ತು ಅಂತ ಸಿಲಿಂಡರ್ ಬದಲಿಸಿ, ಗ್ಯಾಸ್ ಉಳಿದಿರುವಾಗಲೇ ವಾಪಸ್ ಕಳಿಸುತ್ತಾರೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಕೊರೆದಿರುತ್ತದೆ. ವಾಪಸ್ ಕಳಿಸುವ ಮುಂಚೆ ತಕ್ಕಡಿಗೆ ಹಾಕಿ. ಆ ಅಂಕಿಗಿಂತ 3 ಕಿಲೋ ಜಾಸ್ತಿ ಬಂತೋ, 19 ಕಿಲೋದಲ್ಲಿ ಆರನೇ ಒಂದು ಪಾಲನ್ನು ನೀವು ಏಜೆನ್ಸಿಗೆ ದಾನ ಕೊಟ್ಟ ಹಾಗೆ. ಸಿಲಿಂಡರಿನ ಮೇಲೆ ಬಿಸಿನೀರು ಸುರಿಯುವುದು, ಪಕ್ಕದಲ್ಲಿ ಬೆಂಕಿ ಇಡುವುದು ಮಾಡಬೇಡಿ, ಅಪಾಯ. ಎರಡು ಮೂರು ಸಿಲಿಂಡರನ್ನು ಒಟ್ಟಿಗೆ ಒಂದೇ ಲೈನಿಗೆ ಜೋಡಿಸಿಕೊಟ್ಟರೆ ಒಂದೊಂದರ ಮೇಲೆ ಎಳೆತ ಕಮ್ಮಿಯಾಗಿ ತಳದವರೆಗೂ ಬರುತ್ತದೆ. ಜೋಡಣೆ ಏಜೆನ್ಸಿಯ ಮೆಕ್ಯಾನಿಕ್ ಮಾಡಲಿ.

ಉಳಿಸಲು ಹೋಗಿ ಮಾಡುವ ಎರಡು ತಪ್ಪು

ಟ್ಯಾಂಕಿನ ಥರ್ಮೋಸ್ಟಾಟನ್ನು 45ಕ್ಕೆ ಇಳಿಸುವುದು ಮೊದಲನೆಯದು. ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ಲೀಜನೆಲ್ಲ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶವರಿನ ತುಂತುರಿನಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಟ್ಯಾಂಕು 60ರಲ್ಲೇ ಇರಲಿ. 75ಕ್ಕೆ ಏರಿಸುವುದೂ ಬೇಡ, ಕೈ ಸುಡುತ್ತದೆ, ಸೋರಿಕೆಯೂ ಜಾಸ್ತಿ.

ಎರಡನೆಯದು, ಗೀಸರ್ ಆನ್ ಮಾಡಿದಾಗಲೆಲ್ಲ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ ಅಂತ ಅದನ್ನು ಬೈಪಾಸ್ ಮಾಡುವುದು. ಕಾಯಿಲ್ ಒಡೆದು ಕರೆಂಟ್ ನೀರಿಗೆ, ಅರ್ಥಿಂಗಿಗೆ ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಫೇಸ್, ನ್ಯೂಟ್ರಲ್ ಎರಡೂ ವೈರನ್ನು ಒಟ್ಟಿಗೆ ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರಿನೊಳಗೆ ಹಾಕಿದರೆ ಸೊನ್ನೆ ಬರಬೇಕು. ಬರದಿದ್ದರೆ ಅಷ್ಟು ಸೋರುತ್ತಿದೆ. ಕಾಯಿಲ್ ಬದಲಿಸಿ. ಅದೇ ಹೊತ್ತಿಗೆ ಒಳಗೆ ಟ್ಯಾಂಕಿನ ಬದಲು ತಾನು ಸವೆಯುವ ಆನೋಡ್ ರಾಡನ್ನೂ ನೋಡಿಬಿಡಿ. ಅದು ಪೆನ್ಸಿಲಿನಷ್ಟು ಸಣ್ಣಗಾಗಿದ್ದರೆ ಮುಂದಿನ ಸರದಿ ಟ್ಯಾಂಕಿನದು.

ಮೀಟರ್ ಪರೀಕ್ಷೆ, ಮಿಕ್ಸರ್ ಪರೀಕ್ಷೆ ಎರಡನ್ನೂ ನವೆಂಬರ್ ಕೊನೆಯೊಳಗೆ ಮುಗಿಸಿಬಿಡಿ. ಕ್ರಿಸ್‌ಮಸ್ ರಜೆ ಶುರುವಾದ ಮೇಲೆ ನೀರಿನ ವಾಲ್ವ್ ಮುಚ್ಚಲು ಯಾವ ಗಿರಾಕಿಯೂ ಬಿಡುವುದಿಲ್ಲ, ನಾನೂ ಫೋನಿಗೆ ಸಿಗುವುದು ಕಷ್ಟ.